ಚೌಕದಲ್ಲಿ ನಿಂತ ಕಲೆ

ಕವಿತೆ ಹಿಡಿಸದಿದ್ದರೆ ಓದುಗನು ಪುಸ್ತಕವನ್ನು ಮುಚ್ಚಿಡಬಹುದು. ಊರಿನ ಚೌಕದಲ್ಲಿ ನಿಲ್ಲಿಸಿದ ಶಿಲ್ಪವನ್ನು ಹಾಗೆ ಮುಚ್ಚಿಡಲು ಬಾರದು. ನಾವು ಅದನ್ನು ಅರಸಿ ಹೋಗುವುದಿಲ್ಲ; ಅದೇ ನಮ್ಮ ದಾರಿಗೆ ಬರುತ್ತದೆ. ಆದಕಾರಣ ಅಂಥ ಕೃತಿಯನ್ನು ಯಾರನ್ನು ಕೇಳಿ ನಿಲ್ಲಿಸಬೇಕು, ನಿಲ್ಲಿಸಿದ ಮೇಲೆ ಅದರ ಪರಿಣಾಮವನ್ನು ಯಾವ ಕೊಳಗದಿಂದ ಅಳೆಯಬೇಕು ಎಂಬ ಪ್ರಶ್ನೆ ಏಳುತ್ತದೆ. ಸಾಹಿತ್ಯದ ಮೇಷ್ಟರಿಗೆ ಈ ಉಸಾಬರಿ ಏಕೆ ಎಂದು ತಾವು ಕೇಳಬಹುದು. ಕೃತಿಗೂ ಸಹೃದಯನಿಗೂ ಇರುವ ಸಂಬಂಧವನ್ನು ಕುರಿತು ಜೀವಮಾನವೆಲ್ಲ ಪಾಠ ಹೇಳಿದವನು ನಾನು. ಸಹೃದಯನಾಗಲು ಒಪ್ಪದೆ ಬರಿದೆ ಹಾದುಹೋಗುವವನ ವಿಚಾರ ನಮ್ಮ ಮೀಮಾಂಸೆಯಲ್ಲಿ ಅಷ್ಟಾಗಿ ಬರುವುದಿಲ್ಲ.

ಅಮೆರಿಕದ ಕೇಂದ್ರ ಸರ್ಕಾರವು ತನ್ನ ಕಚೇರಿ ಕಟ್ಟಡಗಳ ವೆಚ್ಚದಲ್ಲಿ ಶೇಕಡಾ ಅರ್ಧದಷ್ಟನ್ನು ಕಲೆಗಾಗಿ ಮೀಸಲಿಡುವ ಪದ್ಧತಿಯನ್ನು ಇಟ್ಟುಕೊಂಡಿತ್ತು. ಅದರಂತೆ ನ್ಯೂಯಾರ್ಕಿನ ಫೆಡರಲ್ ಪ್ಲಾಜಾದಲ್ಲಿ ಶಿಲ್ಪಿ ರಿಚರ್ಡ್ ಸೆರಾ ಅವರ ‘ಟಿಲ್ಟೆಡ್ ಆರ್ಕ್’, ಎಂದರೆ ‘ವಾಲಿದ ಚಾಪ’, 1981ರಲ್ಲಿ ನಿಂತಿತು. 120 ಅಡಿ ಉದ್ದ, 12 ಅಡಿ ಎತ್ತರದ ಬಾಗಿದ ಉಕ್ಕಿನ ಗೋಡೆ ಅದು. ವೆಚ್ಚ 1,75,000 ಡಾಲರು. ಗಾಳಿಮಳೆಗೆ ತಾನಾಗಿಯೇ ಕಂದು ಪದರವನ್ನು ತಳೆಯುವ ಜಾತಿಯ ಉಕ್ಕು. ನಡೆಯುವವನಿಗೆ ತನ್ನ ನಡಿಗೆಯ ಅರಿವಾಗಬೇಕೆಂಬುದು ಶಿಲ್ಪಿಯ ಆಶಯ. ಗುಮಾಸ್ತರಿಗೆ ಆದ ಅರಿವು ಬೇರೆ: ನೆಟ್ಟಗೆ ಬಾಗಿಲು ಸೇರುತ್ತಿದ್ದವರು ತುಕ್ಕುಹಿಡಿದ ಗೋಡೆಯೊಂದನ್ನು ಸುತ್ತಿಕೊಂಡು ಹೋಗಬೇಕಾಯಿತು.

ದೂರುಗಳು ಬೆಳೆದು 1985ರ ಮಾರ್ಚಿಯಲ್ಲಿ ಮೂರು ದಿನಗಳ ಬಹಿರಂಗ ವಿಚಾರಣೆ ನಡೆಯಿತು. ಮಾತಾಡಿದವರು 180 ಮಂದಿ. ಇರಲಿ ಎಂದವರು 122, ಬೇಡವೆಂದವರು 58. ಆದರೂ ಐವರ ಮಂಡಲಿ ನಾಲ್ಕಕ್ಕೆ ಒಂದರಂತೆ ತೆಗೆಯಬೇಕೆಂದೇ ತೀರ್ಮಾನಿಸಿತು. ಇದು ಅನ್ಯಾಯವೆಂದು ಮೊದಲು ನನಗೂ ತೋರಿತ್ತು. ಈಗ ಅಷ್ಟು ಖಚಿತವಾಗಿ ಹೇಳಲಾರೆ. ಪರವಾಗಿ ನುಡಿದವರಲ್ಲಿ ಅನೇಕರು ಕಲಾವಿದರು, ಕಲಾಬಂಧುಗಳು. ವಿರೋಧಿಸಿದವರಲ್ಲಿ ಅನೇಕರು ದಿನವೂ ಆ ಚೌಕವನ್ನು ದಾಟುವವರು. ಒಂದು ದಿನ ಬಂದು ಮೆಚ್ಚಿದವನ ಮಾತಿಗೂ ನಿತ್ಯ ಸುತ್ತಿ ನಡೆದವನ ಮಾತಿಗೂ ಒಂದೇ ತೂಕವೇ? ತಲೆಯೆಣಿಕೆಯಿಂದ ಈ ಲೆಕ್ಕ ಬಿಡಿಸಲಾಗದು. 1989ರ ಮಾರ್ಚಿಯ ಒಂದು ರಾತ್ರಿ ಅದನ್ನು ಕತ್ತರಿಸಿ ಸಾಗಿಸಿದರು.

ಅದೇ 1981ರಲ್ಲಿ ವಾಷಿಂಗ್ಟನ್ನಿನಲ್ಲಿ ಇನ್ನೊಂದು ಗೋಡೆಯ ಯೋಜನೆ ನಡೆದಿತ್ತು. ವಿಯೆಟ್ನಾಂ ಯುದ್ಧದಿಂದ ಮರಳಿದ ಯೋಧರೇ ಸ್ಮಾರಕಕ್ಕಾಗಿ ಹಣ ಕೂಡಿಸಿದರು. ಅವರು ಹಾಕಿದ ಷರತ್ತುಗಳು ಕೆಲವೇ: ಮಡಿದವರೆಲ್ಲರ ಹೆಸರಿರಬೇಕು, ಯುದ್ಧ ಸರಿಯೋ ತಪ್ಪೋ ಎಂಬ ರಾಜಕೀಯದ ಮಾತು ಇರಬಾರದು, ಸುತ್ತಲ ನೆಲಕ್ಕೆ ಒಪ್ಪುವಂತಿರಬೇಕು. ರೂಪವನ್ನು ಎಂಟು ಜನ ತಜ್ಞರಿಗೆ ಬಿಟ್ಟರು. ಹೆಸರು ಮರೆಮಾಡಿದ 1,421 ನಕ್ಷೆಗಳಲ್ಲಿ ಅವರು ಆರಿಸಿದ್ದು 21 ವರ್ಷದ ವಿದ್ಯಾರ್ಥಿನಿ ಮಾಯಾ ಲಿನ್ ಅವರದು. ನೆಲದೊಳಕ್ಕೆ ಇಳಿದ ಎರಡು ಕರಿಗಲ್ಲಿನ ಗೋಡೆಗಳು, ಮೇಲೆ ಹೆಸರುಗಳು, ಇನ್ನೇನೂ ಇಲ್ಲ. ಇದಕ್ಕೂ ಕಟುವಾದ ವಿರೋಧ ಬಂತು. ಸಂಧಾನಕ್ಕಾಗಿ ಮೂವರು ಸೈನಿಕರ ಕಂಚಿನ ಪ್ರತಿಮೆಯೊಂದನ್ನು 1984ರಲ್ಲಿ ಹತ್ತಿರ ನಿಲ್ಲಿಸಬೇಕಾಯಿತು.

ಆದರೆ 1982ರ ನವೆಂಬರಿನಲ್ಲಿ ಸ್ಮಾರಕ ತೆರೆದ ಮೇಲೆ ಯಾರೂ ಯೋಜಿಸದ ಸಂಗತಿಯೊಂದು ನಡೆಯಿತು. ಬಂದವರು ತಮ್ಮವರ ಹೆಸರನ್ನು ಹುಡುಕಿ, ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದುಕೊಂಡರು. ಪತ್ರಗಳನ್ನು, ಪದಕಗಳನ್ನು, ಹಳೆಯ ಬೂಟುಗಳನ್ನು ಗೋಡೆಯ ಬುಡದಲ್ಲಿ ಇಟ್ಟುಹೋದರು. ಉದ್ಯಾನ ಇಲಾಖೆಯವರು ಅವನ್ನು ಕಸವೆಂದು ಎಸೆಯದೆ ಕಾಪಿಟ್ಟರು. ಅವುಗಳ ಸಂಖ್ಯೆ ಲಕ್ಷಗಳನ್ನು ದಾಟಿದೆ. ನಮ್ಮ ವೀರಗಲ್ಲುಗಳ ಮುಂದೆ ಹೂವಿಟ್ಟವರ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ, ಇಲ್ಲಿ ಬರೆದಿಟ್ಟರು. ಪರಿಣಾಮವನ್ನು ಅಳೆಯಲು ಪ್ರಶ್ನಾವಳಿ ಹಂಚುವವರು ಇಂಥದನ್ನೂ ನೋಡಬೇಕು.

ಎರಡೂ ಕಡೆ ರೂಪ ಹೊಸದು, ಎರಡೂ ಕಡೆ ಜನ ಮುನಿದರು. ವಾಷಿಂಗ್ಟನ್ನಿನಲ್ಲಿ ಏನು ಬೇಕೆಂಬುದನ್ನು ನೊಂದವರೇ ಮೊದಲು ಹೇಳಿದ್ದರು. ನ್ಯೂಯಾರ್ಕಿನಲ್ಲಿ ನಡುಹಗಲು ಬುತ್ತಿ ಬಿಚ್ಚಲು ಚೌಕಕ್ಕೆ ಬರುವವನನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದು ಗೋಡೆ ಎದ್ದ ನಾಲ್ಕು ವರ್ಷಗಳ ಮೇಲೆ. ಶಿಲ್ಪ ಹೇಗಿರಬೇಕೆಂದು ಜನರನ್ನು ಕೇಳಿದರೆ ಬಹುಶಃ ಎಲ್ಲೆಡೆಯೂ ಮೂವರು ಕಂಚಿನ ಸೈನಿಕರೇ ನಿಂತಾರು. ಈ ನೆಲದಲ್ಲಿ ನೀವು ಏನು ಮಾಡುತ್ತೀರಿ ಎಂದು ಕೇಳಬಹುದಿತ್ತು.

ಫೆಡರಲ್ ಪ್ಲಾಜಾದಲ್ಲಿ ಮುಂದೆ ಹಸಿರು ಬಣ್ಣದ ಸುರುಳಿ ಬೆಂಚುಗಳನ್ನು ಹಾಕಿದರು. ಆಮೇಲೆ ಅವನ್ನೂ ತೆಗೆದರು. ಸ್ಥಳ ಬದಲಿಸಿದರೆ ಅದು ತನ್ನ ಕೃತಿಯೇ ಅಲ್ಲವೆಂಬುದು ಸೆರಾ ಅವರ ನಿಲುವಾಗಿತ್ತು. ಅವರು 2024ರಲ್ಲಿ ತೀರಿಕೊಂಡರು. ‘ವಾಲಿದ ಚಾಪ’ವನ್ನು ಮತ್ತೆಲ್ಲಿಯೂ ನಿಲ್ಲಿಸಲಿಲ್ಲ; ಮೂರು ತುಂಡುಗಳಾಗಿ ಅದು ಸರ್ಕಾರದ ಉಗ್ರಾಣವನ್ನು ಸೇರಿತು.