ಮೋಟಾರ್ ಸುಟ್ಟ ಮೇಲೆ ಕಲಿತ ಟೈಮರ್ ಪಾಠ

ಆರ್ಡುಯಿನೊ ಬೋರ್ಡ್ ತಗೊಂಡು ಎಲ್‌ಇಡಿ ಮಿನುಗಿಸಿ ಖುಷಿಪಟ್ಟವರಿಗೆ ಇವತ್ತಿನ ಮಾತು. ನಾನೂ ಹಾಗೇ ಶುರು ಮಾಡಿದವನು. ಆ ಖುಷಿಯಲ್ಲೇ ನಮ್ಮ ತೋಟದ ಬೋರ್‌ವೆಲ್ ಮೋಟಾರ್ ಸುಟ್ಟೆ.

ಬೇಸಿಗೆ ರಜೆಗೆ ಊರಿಗೆ ಹೋಗಿದ್ದೆ. ಅಪ್ಪ ರಾತ್ರಿ ಕರೆಂಟ್ ಬಂದಾಗಲೆಲ್ಲ ಎದ್ದು ಮೋಟಾರ್ ಹಾಕೋಕೆ ಹೋಗ್ತಿದ್ರು. ‘ನಾನು ಆಟೊಮ್ಯಾಟಿಕ್ ಮಾಡಿಕೊಡ್ತೀನಿ’ ಅಂದೆ. ಆರ್ಡುಯಿನೊ ಊನೊ, ಒಂದು ರಿಲೇ, ಪೈಪಿನಲ್ಲಿ ನೀರು ಬರ್ತಿದೆಯಾ ಅಂತ ಹೇಳೋಕೆ ಒಂದು ಫ್ಲೋ ಸ್ವಿಚ್. ಪ್ರೋಗ್ರಾಂ ಸರಳ: ಮೋಟಾರ್ ಆನ್, 20 ನಿಮಿಷ ‘ಡಿಲೇ’, ಮೋಟಾರ್ ಆಫ್, ಆಮೇಲೆ ಫ್ಲೋ ಸ್ವಿಚ್ ನೋಡು.

ಮೂರನೇ ರಾತ್ರಿ ಬೋರ್‌ನಲ್ಲಿ ನೀರು ಅರ್ಧಕ್ಕೇ ನಿಂತುಹೋಯ್ತು. ಮೋಟಾರ್ ಒಣಗಿಯೇ ಓಡಿತು. ಬೆಳಗ್ಗೆ ನೋಡಿದರೆ ವೈಂಡಿಂಗ್ ಸುಟ್ಟಿತ್ತು. ಮೋಟಾರ್ ಮೇಲೆತ್ತಿಸಿ, ರಿವೈಂಡಿಂಗ್ ಮಾಡಿಸಿ, ಮತ್ತೆ ಇಳಿಸೋ ತನಕ ಗಿಡಗಳಿಗೆ ನೀರಿಲ್ಲ. ಅಪ್ಪ ಬೈಯಲಿಲ್ಲ. ‘ನೀರಿಲ್ಲ ಅಂತ ನಿನ್ನ ಬೋರ್ಡಿಗೆ ಗೊತ್ತಾಗಲಿಲ್ವೇನೋ?’ ಅಂದ್ರು, ಅಷ್ಟೆ.

ಫ್ಲೋ ಸ್ವಿಚ್ ಸರಿಯಾಗೇ ಹೇಳ್ತಿತ್ತು. ಕೇಳಿಸಿಕೊಳ್ಳೋಕೆ ನನ್ನ ಪ್ರೋಗ್ರಾಂಗೆ ಪುರುಸೊತ್ತಿರಲಿಲ್ಲ. ಇಡ್ಲಿ ಬೇಯೋಕಿಟ್ಟು, ಒಲೆ ಮುಂದೆ ನಿಂತು ಒಂದು, ಎರಡು, ಮೂರು ಅಂತ ಎಣಿಸ್ತಾ ಇದ್ದರೆ ಬಾಗಿಲು ಬಡಿದರೂ ಹೋಗಲಾಗಲ್ಲ. ಡಿಲೇ ಮಾಡೋದು ಅದನ್ನೇ. ಫೋನಿನಲ್ಲಿ ಅಲಾರಂ ಇಟ್ಟು ಬೇರೆ ಕೆಲಸ ನೋಡೋದು ಹಾರ್ಡ್‌ವೇರ್ ಟೈಮರ್.

ಊನೊದ ಎಟಿಮೆಗಾ328ಪಿ ಚಿಪ್‌ನಲ್ಲಿ ಇಂಥ ಮೂರು ಟೈಮರ್‌ಗಳಿವೆ. ಟೈಮರ್ 0 ಮತ್ತು 2 ಎಂಟು ಬಿಟ್‌ನವು, 255ರ ತನಕ ಎಣಿಸುತ್ತವೆ. ಟೈಮರ್ 1 ಹದಿನಾರು ಬಿಟ್‌ನದು, 65,535ರ ತನಕ. ಚಿಪ್ಪಿನ ಗಡಿಯಾರ ಸೆಕೆಂಡಿಗೆ 1.6 ಕೋಟಿ ಸಲ ಬಡಿಯುತ್ತೆ. ಪ್ರತಿ ಬಡಿತ ಎಣಿಸಿದರೆ ಟೈಮರ್ 1 ಒಂದು ಸೆಕೆಂಡ್ ಆಗೋ ಮೊದಲೇ ತುಂಬಿಹೋಗುತ್ತೆ. ಅದಕ್ಕೇ ಪ್ರೀಸ್ಕೇಲರ್ ಇರೋದು. ಅದನ್ನು 256 ಅಂತ ಇಟ್ಟರೆ 256 ಬಡಿತಕ್ಕೆ ಒಂದು ಎಣಿಕೆ. ಆಗ ಸೆಕೆಂಡಿಗೆ 62,500 ಎಣಿಕೆ, ಆರಾಮಾಗಿ ಹಿಡಿಸುತ್ತೆ. ಎಣಿಕೆ ಸೊನ್ನೆಯಿಂದ ಶುರುವಾಗೋದರಿಂದ, ಸಿಟಿಸಿ ಮೋಡ್‌ನಲ್ಲಿ ಹೋಲಿಕೆಯ ಸಂಖ್ಯೆ 62,499 ಅಂತ ಕೊಡಬೇಕು. ಅಲ್ಲಿಗೆ ಮುಟ್ಟಿದಾಗಲೆಲ್ಲ ಇಂಟರಪ್ಟ್ ಬರುತ್ತೆ, ಟೈಮರ್ ಮತ್ತೆ ಸೊನ್ನೆಗೆ ಹೋಗುತ್ತೆ.

ಇಂಟರಪ್ಟ್ ಒಳಗೆ ನಾನು ಮಾಡಿದ್ದು ಒಂದೇ ಕೆಲಸ: ಸೆಕೆಂಡಿನ ಲೆಕ್ಕಕ್ಕೆ ಒಂದು ಕೂಡಿಸೋದು. ಉಳಿದದ್ದೆಲ್ಲ ಲೂಪ್‌ನಲ್ಲಿ. ಮೊದಲ 30 ಸೆಕೆಂಡ್ ನೀರು ಮೇಲೆ ಬರೋಕೆ ಬಿಡು, ಆಮೇಲೆ ಪ್ರತಿ ಸುತ್ತಿನಲ್ಲೂ ಫ್ಲೋ ಸ್ವಿಚ್ ನೋಡು. ನೀರು ನಿಂತರೆ ಅಥವಾ 1,200 ಸೆಕೆಂಡ್ ಆದರೆ ಮೋಟಾರ್ ಆಫ್.

ಇಲ್ಲಿ ಎರಡು ಕಡೆ ಎಡವಬಹುದು. ಆ ಲೆಕ್ಕದ ವೇರಿಯಬಲ್‌ಗೆ ‘ವೊಲಟೈಲ್’ ಅಂತ ಹಾಕಲೇಬೇಕು. ಮತ್ತೆ 1,200 ಒಂದು ಬೈಟ್‌ನಲ್ಲಿ ಹಿಡಿಸಲ್ಲ. ಎಂಟು ಬಿಟ್ ಚಿಪ್ ಅದನ್ನು ಎರಡು ಸಲಕ್ಕೆ ಓದುತ್ತೆ, ನಡುವೆ ಇಂಟರಪ್ಟ್ ಬಂದರೆ ತಪ್ಪು ಸಂಖ್ಯೆ ಸಿಗಬಹುದು. ಓದೋ ಆ ಕ್ಷಣ ಮಾತ್ರ ಇಂಟರಪ್ಟ್ ನಿಲ್ಲಿಸಿ, ತಕ್ಷಣ ಬಿಡಿ.

‘ಇಷ್ಟಕ್ಕೆ ಮಿಲಿಸ್ ಸಾಕಲ್ವಾ?’ ಅಂತೀರಾ? ಸಾಕು. ಅದು ಕೂಡ ಟೈಮರ್ 0 ಕೊಡೋ ಲೆಕ್ಕವೇ. ಅದಕ್ಕೇ ಟೈಮರ್ 0 ತಂಟೆಗೆ ಹೋಗಬೇಡಿ, ಮಿಲಿಸ್, ಡಿಲೇ ಎರಡೂ ಹದಗೆಡುತ್ತವೆ. ಊನೊದಲ್ಲಿ ಸರ್ವೊ ಲೈಬ್ರರಿ ಟೈಮರ್ 1 ಬಳಸುತ್ತೆ, ‘ಟೋನ್’ ಟೈಮರ್ 2 ಬಳಸುತ್ತೆ. ಸರ್ವೊ ಸೇರಿಸಿದ ತಕ್ಷಣ 9 ಮತ್ತು 10ನೇ ಪಿನ್‌ನ ಪಿಡಬ್ಲ್ಯುಎಂ ಯಾಕೆ ನಿಂತಿತು ಅಂತ ತಲೆ ಕೆಡಿಸಿಕೊಂಡವರಿಗೆ ಉತ್ತರ ಇದೇ.

ಇನ್ನೊಂದು ಮಾತು. ಮೊದಲು ಮೇಜಿನ ಮೇಲೆ ಎಲ್‌ಇಡಿ ಇಟ್ಟು ಪರೀಕ್ಷೆ ಮಾಡಿ, ಫ್ಲೋ ಸ್ವಿಚ್ ತಂತಿ ಕಿತ್ತು ನೋಡಿ. ನಾನು ಇದನ್ನೇ ಮಾಡಿರಲಿಲ್ಲ. ಮೋಟಾರ್ ಕಡೆಯ ವೈರಿಂಗ್ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ನಮ್ಮ ಪ್ರೋಗ್ರಾಂ ಎಷ್ಟೇ ಚೆನ್ನಾಗಿರಲಿ, ಸ್ಟಾರ್ಟರ್‌ಗೆ ಬೇರೆಯದೇ ಡ್ರೈ ರನ್ ರಕ್ಷಣೆ ಇರಲಿ.

ಹೊಸ ಪ್ರೋಗ್ರಾಂ ಹಾಕಿ ವಾರ ಆಗಿತ್ತು. ಅಪ್ಪ ಫೋನ್ ಮಾಡಿದ್ರು: ‘ಮೋಟ್ರು ಏಳೇ ನಿಮಿಷಕ್ಕೆ ನಿಂತೋಯ್ತು ಕಣೋ, ಮತ್ತೆ ಕೆಟ್ಟೋಯ್ತಾ?’ ‘ಬೋರ್‌ನಲ್ಲಿ ನೀರಿದೆಯಾ ನೋಡಿ ಅಪ್ಪ’ ಅಂದೆ. ಇರಲಿಲ್ಲ.