ಬಯಲಿನಿಂದ ಬೆಟ್ಟಕ್ಕೆ

ಬಯಲುಸೀಮೆಯ ನಮ್ಮ ಸಿಂಗಟಗೆರೆಯ ಏಪ್ರಿಲ್ ಬಿಸಿಲಿಗೆ ತೆಂಗಿನ ಗರಿಯೂ ಬಾಡುತ್ತದೆ. ಆ ಬಿಸಿಲು ತಪ್ಪಿಸಿಕೊಂಡು ಕಡೂರು, ಬೀರೂರು ದಾಟಿ, ತರೀಕೆರೆಯಿಂದ ಲಿಂಗದಹಳ್ಳಿ ಹಾದಿ ಹಿಡಿದು ಘಾಟಿ ಏರಿದರೆ ಕೆಮ್ಮಣ್ಣುಗುಂಡಿ; ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆಯ ಗಿರಿಧಾಮ. ಅಲ್ಲಿನ ನೋಟದ ತಾಣ ಝಡ್ ಪಾಯಿಂಟ್‌ಗೆ ಮಾತ್ರ ನಡೆದೇ ಹೋಗಬೇಕು. ಒಂದು ಮಗ್ಗುಲಲ್ಲಿ ಗುಡ್ಡ, ಇನ್ನೊಂದರಲ್ಲಿ ಕಣಿವೆ, ನಡುವೆ ಒಬ್ಬರು ನಡೆಯುವಷ್ಟು ಕಾಲ್ದಾರಿ.

ಆ ದಾರಿಯ ಸುತ್ತಲಿನ ಹುಲ್ಲುಗಾವಲು, ಅದರ ಮಡಿಕೆಯಲ್ಲಿನ ಶೋಲಾ ಕಾಡು ಮಳೆನೀರು ಕುಡಿದು ಮೆಲ್ಲಗೆ ಬಿಟ್ಟುಕೊಡುತ್ತವೆ. ಇದೇ ಬಾಬಾಬುಡನ್ ಗಿರಿಸಾಲಿನಲ್ಲಿ ಹುಟ್ಟುವ ವೇದಾ, ಆವತಿ ನದಿಗಳು ಕೂಡಿ ವೇದಾವತಿಯಾಗಿ ನಮ್ಮ ಕಡೂರು ಸೀಮೆಗೆ ಹರಿಯುತ್ತವೆ. ಅಂಥ ಹುಲ್ಲಿನ ಮೇಲೆ ಸಾಹಸವೆಂದು ಬೈಕ್ ಹತ್ತಿಸುವುದನ್ನು ಕಂಡರೆ ಕರುಳು ಹಿಂಡಿದಂತಾಗುತ್ತದೆ. ಇಂದಿನ ಚಕ್ರದ ಜಾಡು ಮುಂಗಾರಿನಲ್ಲಿ ಕೊರಕಲಾಗುತ್ತದೆ. ರಜೆಗೆ ಮಕ್ಕಳನ್ನು ಖಂಡಿತ ಕರೆದೊಯ್ಯಿರಿ. ಗಾಡಿ ಡಾಂಬರಿನ ಮೇಲೆಯೇ ನಿಲ್ಲಲಿ. ಮುಂದಿನದನ್ನು ಅವರು ನಡೆದೇ ನೋಡಲಿ.