ಒಲವು ರೋಗವಲ್ಲ, ರೋಗಾಣುವಿಗೆ ಒಲವಿಲ್ಲ



ಕಾಪುವಿನ ಗದ್ದೆಯಲ್ಲೋ ಕಾರ್ಕಳದ ದೇವಸ್ಥಾನದ ಎದುರೋ ನೀವೆಲ್ಲ ಯಕ್ಷಗಾನ ಬಯಲಾಟ ನೋಡಿದವರೇ. ರಾತ್ರಿ ದಮಯಂತಿಯಾಗಿ ನಮ್ಮ ಕಣ್ಣು ಒದ್ದೆ ಮಾಡಿಸಿದ ಕಲಾವಿದರು ಬೆಳಗಿನ ಜಾವ ಬಣ್ಣ ತೊಳೆದು, ಪಂಚೆ ಉಟ್ಟು, ಉಡುಪಿಯ ಬಸ್ಸು ಹತ್ತುತ್ತಾರೆ. ಆ ಸ್ತ್ರೀವೇಷ ಕಲೆ. ಅದರಿಂದ ಅವರ ಮನಸ್ಸಿನ ಯಾವ ಗುಟ್ಟೂ ತಿಳಿಯುವುದಿಲ್ಲ. ಇಷ್ಟನ್ನು ನಮ್ಮ ಅಜ್ಜಿಯರೂ ಬಲ್ಲರು. ಆದರೆ ತರಗತಿಯಲ್ಲಿ ಒಬ್ಬ ಹುಡುಗನ ನಡಿಗೆ ತುಸು ಮೃದುವಾಗಿದ್ದರೆ ಸಾಕು, ಅದೇ ಮೊಮ್ಮಕ್ಕಳು ಅವನಿಗೊಂದು ಅಡ್ಡಹೆಸರು ಇಟ್ಟುಬಿಡುತ್ತಾರೆ!

ಹಿಂದೊಮ್ಮೆ ನಮ್ಮ ಆರೋಗ್ಯ ಕಾರ್ಯಕ್ರಮಕ್ಕೆ ಕಾರ್ಕಳದ ಕಡೆಯಿಂದ ಹೆಸರಿಲ್ಲದ ಕಾಗದವೊಂದು ಬಂದಿತ್ತು. ಕಾಲೇಜು ಹುಡುಗ. ತನ್ನ ಮನಸ್ಸು ಹುಡುಗಿಯರತ್ತ ಹೋಗುವುದಿಲ್ಲ, ಸಹಪಾಠಿಯೊಬ್ಬನತ್ತ ಹೋಗುತ್ತದೆ, ಹಾಗಾದರೆ ತನಗೆ ಏಡ್ಸ್ ಬಂದಿದೆಯೇ ಎಂದು ಕೇಳಿದ್ದ. ಯಾರ ಕೈಯನ್ನೂ ಹಿಡಿದವನಲ್ಲ; ಎರಡು ವರ್ಷ ಹೆದರಿಕೆಯಲ್ಲೇ ಕಳೆದಿದ್ದ. ಉತ್ತರಿಸಲು ವಿಳಾಸವಿರಲಿಲ್ಲ. ಅವನನ್ನು ಹೇಗೆ ದೂರಲಿ? ನಾನು ವಿಜ್ಞಾನ ಓದಿದಾಗಲೂ ಸಂತಾನೋತ್ಪತ್ತಿಯ ಪಾಠ ಬಂದಾಗ ಮೇಷ್ಟರು ‘ಮನೆಯಲ್ಲಿ ಓದಿಕೊಳ್ಳಿ’ ಎಂದು ಪುಟ ಮಗುಚಿದ್ದರು.

ಅವನ ಪ್ರಶ್ನೆಯಲ್ಲಿ ಬೇರೆ ಬೇರೆ ಸಂಗತಿಗಳು ಕಲಸಿಹೋಗಿವೆ. ಮನಸ್ಸು ಯಾರತ್ತ ಒಲಿಯುತ್ತದೆ ಎಂಬುದು ಲೈಂಗಿಕ ಒಲವು. ಇದನ್ನು ಯಾರೂ ಆರಿಸಿಕೊಳ್ಳುವುದಿಲ್ಲ. ಸಲಿಂಗ ಒಲವನ್ನು ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ರೋಗಗಳ ಪಟ್ಟಿಯಿಂದ ತೆಗೆದಿದೆ. ವಯಸ್ಕರ ನಡುವಿನ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ಹೇಳಿತು. ಇಂಥ ಒಲವನ್ನು ‘ಸರಿಪಡಿಸುತ್ತೇನೆ’ ಎನ್ನುವ ವೈದ್ಯರದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಿಳಿಸಿದೆ.

ಲಿಂಗತ್ವದ ಅರಿವು ಇನ್ನೊಂದು: ನಾನು ಹೆಣ್ಣೋ, ಗಂಡೋ, ಎರಡೂ ಅಲ್ಲವೋ ಎಂಬ ಒಳಗಿನ ತಿಳಿವು. ಗಂಡುಮಗುವೆಂದು ಬೆಳೆಸಿದರೂ ತಾನು ಹೆಣ್ಣೆಂದು ಕಂಡುಕೊಂಡ ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅವರದು ಬೆಳಗಾದರೆ ತೊಳೆದುಕೊಳ್ಳುವ ವೇಷವಲ್ಲ.

ಇನ್ನು ಸೋಂಕು. ರೋಗಾಣುವಿಗೆ ಒಲವೂ ಗೊತ್ತಿಲ್ಲ, ಮದುವೆಯ ಕರೆಯೋಲೆಯೂ ಗೊತ್ತಿಲ್ಲ. ಅದಕ್ಕೆ ಬೇಕಾದುದು ದಾರಿ: ರಕ್ಷಣೆಯಿಲ್ಲದ ಲೈಂಗಿಕ ಸಂಪರ್ಕ, ಸೋಂಕಿನ ರಕ್ತ, ಸೂಜಿ, ಕೆಲವೊಮ್ಮೆ ತಾಯಿಯಿಂದ ಮಗುವಿಗೆ. ಎಚ್‌ಐವಿ ಸೊಳ್ಳೆಯಿಂದಾಗಲಿ, ಒಂದೇ ಪಂಕ್ತಿಯ ಊಟದಿಂದಾಗಲಿ ಬರುವುದಿಲ್ಲ. ಗಂಡು ಹೆಣ್ಣಿನ ನಡುವೆಯೂ ಅದು ಹರಡುತ್ತದೆ.

ಸಿಫಿಲಿಸ್ ಇನ್ನೂ ಮೋಸದ್ದು. ಮೊದಲ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ. ಮೂರರಿಂದ ಆರು ವಾರಗಳಲ್ಲಿ ತಾನಾಗಿ ಮಾಯುತ್ತದೆ. ‘ವಾಸಿಯಾಯಿತು’ ಎಂದು ರೋಗಿ ನಿಟ್ಟುಸಿರು ಬಿಡುತ್ತಾನೆ. ರೋಗಾಣು ಒಳಗೇ ಇರುತ್ತದೆ. ಚಿಕಿತ್ಸೆ ಆಗದಿದ್ದರೆ ವರ್ಷಗಳ ನಂತರ ಹೃದಯಕ್ಕೂ ಮೆದುಳಿಗೂ ಕೈಹಾಕಬಹುದು. ಆರಂಭದಲ್ಲೇ ತೋರಿಸಿದ್ದರೆ ಪೆನಿಸಿಲಿನ್ ಚುಚ್ಚುಮದ್ದು ಸಾಕಿತ್ತು. ಗೊನೋರಿಯಾ ಅನೇಕ ಹೆಂಗಸರಲ್ಲಿ ಲಕ್ಷಣವನ್ನೇ ತೋರದೆ ಬಂಜೆತನ ತರಬಲ್ಲದು. ನಾಚಿಕೆಯಿಂದ ಮುಚ್ಚಿಟ್ಟಷ್ಟೂ ಇವಕ್ಕೆ ಅನುಕೂಲ. ಎಚ್‌ಐವಿಯನ್ನು ಪೂರ್ತಿ ತೊಲಗಿಸುವ ಔಷಧಿಯಿಲ್ಲ. ಆದರೆ ದಿನವೂ ತಪ್ಪದೆ ಗುಳಿಗೆ ನುಂಗಿ, ವೈರಸ್ಸು ಪರೀಕ್ಷೆಗೆ ಸಿಗದಷ್ಟು ಇಳಿದರೆ ಸಂಗಾತಿಗೆ ಲೈಂಗಿಕ ಸಂಪರ್ಕದಿಂದ ಹರಡುವುದಿಲ್ಲ. ಕಾಂಡೋಮ್ ಅಪಾಯವನ್ನು ಬಹಳಷ್ಟು ತಗ್ಗಿಸುತ್ತದೆ. ಹೆಪಟೈಟಿಸ್ ಬಿ ಮತ್ತು ಎಚ್‌ಪಿವಿಗೆ ಲಸಿಕೆಗಳಿವೆ.

ಉಡುಪಿಯ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ ಎಚ್‌ಐವಿ ಪರೀಕ್ಷೆ ಉಚಿತ. ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜೇ ಇದೆ. ಪರೀಕ್ಷೆಯ ಫಲಿತಾಂಶ ಗುಟ್ಟಾಗಿರಬೇಕೆಂಬುದು 2017ರ ಕಾನೂನು. 1097ಕ್ಕೆ ಫೋನು ಮಾಡಿದರೆ ಹಣ ಖರ್ಚಿಲ್ಲ.

ಕಾಗದ ಬರೆದ ತಮ್ಮಾ, ನೀನು ಹೇಳಿದ್ದು ನಿಜವಾದರೆ ನಿನಗೆ ಈ ಪರೀಕ್ಷೆಯ ಅಗತ್ಯವೇ ಇಲ್ಲ. ಮುಂದಿನ ಸಲ ಬರೆಯುವಾಗ ವಿಳಾಸ ಹಾಕು.